ಯಾವ ಅರಸೀಕೆರಿ?

ಮಿತ್ರಕ್ಕಾ, ಸಿಟ್ಟಿಗೆ ಬರಬ್ಯಾಡ, ನೀ ಕ್ಯಾಜುವಲ್ ಪ್ಲೇಯರ್, ಪಾಲಾಕ್ಷ ಹಾರ್ಡ್‌ಕೋರ್, ಅಷ್ಟ ಫರಕು ನೋಡು, ಎಂದು ಓಣಿಯ ಹುಡುಗ ಹುಲುಗೇಶ ಫೋನಿನಿಂದ ಕಣ್ಣೆತ್ತದೆ ಅಂದದ್ದು ಸಂಘಮಿತ್ರಾಳ ಎಡಗಿವಿಗೆ ಬಿತ್ತು, ಎಡಗಡೆಯ ಇಯರ್‌ಫೋನು ಸತ್ತು ಆರು ತಿಂಗಳಾಯಿತು, ಹಾಗಾಗಿ ಆಟವೆಲ್ಲ ಬಲಗಿವಿಯಲ್ಲಿ, ಊರೆಲ್ಲ ಎಡಗಿವಿಯಲ್ಲಿ — ಬಲಗಿವಿಯಲ್ಲಿ, ಆಟ ಶುರುವಾಗಲು ಎಲ್ಲರೂ ಜಿಗಿಯಲಿರುವ ವಿಮಾನದ ಗುಂಯ್ ಸದ್ದು, ಎಡಗಿವಿಯಲ್ಲಿ ಕೊಟ್ಟೂರಿನ ಭಾನುವಾರದ ಮಧ್ಯಾಹ್ನ, ಕೆಳಗೆ ಹೊನ್ನೂರಸ್ವಾಮಿಯ ಮೊಬೈಲ್ ಅಂಗಡಿಯಲ್ಲಿ ಯಾರೋ ಸ್ಕ್ರೀನ್‌ಗಾರ್ಡಿಗೆ ಚೌಕಾಸಿ ನಡೆಸಿದ್ದಾರೆ, ಮೇಲೆ ಈ ಕೋಣೆಯಲ್ಲಿ ಚಾಪೆಯ ಮೇಲೆ ಆಡುವವರು ಮೂವರು, ಹುಲುಗೇಶ, ಮೇಘಾ, ತಾನು, ಗೋಡೆಗೊರಗಿ ಪಾಲಾಕ್ಷ, ತನ್ನ ಫೋನನ್ನು ಚಾರ್ಜಿಗೆ ಚುಚ್ಚಿಕೊಂಡು ಕಾಯುತ್ತಿರುವವನು, ಯಾರ ಜಾಗಕ್ಕೆ ಕಾಯುತ್ತಿದ್ದಾನೆಂಬುದು ಎಲ್ಲರಿಗೂ ಗೊತ್ತು, ಅವನಿಗೇ ಸ್ವಲ್ಪ ನಾಚಿಕೆ. ಮುಂದಿನ ಭಾನುವಾರ ಹರಪನಹಳ್ಳಿಯಲ್ಲಿ ಇದೇ ಗುಂಡು ಹಾರಿಸುವ ಆಟದ ಪಂದ್ಯ, ಕಡೆಗೆ ಉಳಿದವರು ಗೆದ್ದಂತೆ, ಮೂವರ ತಂಡ, ಹೆಸರು ಕೊಡಲು ಇವತ್ತು ಐದು ಗಂಟೆಯೇ ಕಡೆ, ಹುಲುಗೇಶನ ತೊಡೆಯ ಕೆಳಗೆ ಸಿಕ್ಕಿಕೊಂಡಿರುವ ಫಾರ್ಮಿನಲ್ಲಿ ಮೊದಲ ಸಾಲು ಅವನದು, ಎರಡನೆಯದು ಮೇಘಾಳದು, ಮೂರನೆಯದು ಖಾಲಿ. ಇದೊಂದು ಆಟ ಗೆದ್ದುಕೊಡು, ನಿನ್ನ ಹೆಸರು ಬರೀತೀನಿ, ಇಲ್ಲಂದ್ರ ಪಾಲಾಕ್ಷಂದು, ನನ್ನ ಮ್ಯಾಲೆ ತಪ್ಪಿಲ್ಲಕ್ಕಾ, ಅವ ದಿನಕ್ಕ ಎಂಟು ತಾಸು ಆಡ್ತಾನ, ನಾಲ್ಕು ಬೆರಳು ಹಚ್ಚಿ ಆಡ್ತಾನ, ನೀ ನೋಡಿದ್ರ ಬರೀ ಹೆಬ್ಬೆಟ್ಟಿನಾಕಿ. ಮೇಘಾ ಕಿಸಕ್ಕನೆ ನಕ್ಕಳು. ಬಿ.ಕಾಂ. ಮಾಡಿ ಹೆಬ್ಬೆಟ್ಟು ಅನ್ನಿಸಿಕೊಂಡವಳು ಇಡೀ ತಾಲ್ಲೂಕಿನಲ್ಲಿ ತಾನೊಬ್ಬಳೇ ಇರಬೇಕು, ನಗು ತನಗೂ ಬರುತ್ತಿದೆ, ನಗಬಾರದು, ನಕ್ಕರೆ ಹೆಬ್ಬೆಟ್ಟು ಅಲುಗುತ್ತದೆ, ಜಿಗಿ ಈಗ, ಜಿಗಿ.

ಕ್ಯಾಜುವಲ್ — ಈ ಪದ ಬೇರೆಯವರ ಮನೆಗೆ ಮೊಬೈಲಿನ ಜೊತೆ ಬಂತೇನೋ, ಅವರ ಮನೆಗೆ ರೈಲಿನ ಜೊತೆ ಬಂದದ್ದು, ಅವಳು ಹುಟ್ಟುವ ಮೊದಲೇ, ಅಪ್ಪ ಜೋಗಪ್ಪ ಹನ್ನೊಂದು ವರ್ಷ ರೈಲ್ವೆಯಲ್ಲಿ ಕ್ಯಾಜುವಲ್, ಹನ್ನೆರಡನೆಯ ವರ್ಷಕ್ಕೆ ಪರ್ಮನೆಂಟು, ಆಮೇಲೆ ಕೀಮನ್, ಅಂದರೆ ದಿನಾ ಬೆಳಿಗ್ಗೆ ಹೆಗಲ ಮೇಲೆ ಸುತ್ತಿಗೆ ಹೊತ್ತು ಹಳಿಯ ಗುಂಟ ನಡೆದು, ಹಳಿಯನ್ನು ದಿಮ್ಮಿಗೆ ಬಿಗಿಹಿಡಿದ ಒಂದೊಂದು ಕೀಲಿಯನ್ನೂ ಬಡಿದು ನೋಡುವವನು, ಬಿಗಿಯಿದ್ದರೆ ಟಣ್, ಸಡಿಲಾಗಿದ್ದರೆ ಟಪ್, ರಜೆಯಲ್ಲೊಮ್ಮೆ ಫ್ರಾಕಿನ ಜೇಬಿನ ತುಂಬ ಕಡಲೆ ತುಂಬಿಕೊಂಡು ಅವಳೂ ಹಿಂದೆ ಹಿಂದೆ ಹೋಗಿದ್ದಳು, ಟಣ್, ಟಣ್, ಟಣ್, ಎಲ್ಲ ಒಂದೇ ನಮೂನಿ ಅದಾವಲ್ಲಪ್ಪ, ಎಲ್ಲಾನೂ ಯಾಕ ಬಡೀತಿ, ಅಂದರೆ ಜೋಗಪ್ಪ ನಿಂತು ಬೆವರು ಒರೆಸಿಕೊಂಡ, ಒಂದು ಬಿಟ್ಟೆ ಅಂತ ತಿಳಕೋ, ಅದ ಸಡಿಲ ಇರ್ತೈತವ್ವ. ಹಂಗಾದ್ರ ಕ್ಯಾಜುವಲ್ ಇದ್ದಾಗ ಬಿಡ್ತಿದ್ದೇನು? ಹುಚ್ಚಿ, ಕ್ಯಾಜುವಲ್ ಅಂದ್ರ ಕೆಲಸ ಕಡಿಮಿ ಅಂತಲ್ಲ, ಹೆಸರು ಪಟ್ಟಿಯಾಗ ಇಲ್ಲ ಅಂತ ಅಷ್ಟ. ಈಗ ಕೂಡ್ಲಿಗಿಯ ಕಚೇರಿಯಲ್ಲಿ ಕಂಪ್ಯೂಟರಿನ ಮುಂದೆ ಕೂರುವ ಅವಳ ಕೆಲಸಕ್ಕೆ ಹೊರಗುತ್ತಿಗೆ ಅನ್ನುತ್ತಾರೆ, ಪದ ಬದಲಾಗಿದೆ, ಪಟ್ಟಿ ಅದೇ — ಬಾಗಿಲು, ಆಟದ ಈ ಮನೆಯ ಬಾಗಿಲು ತೆರೆದಿದೆ, ಯಾರೋ ಮೊದಲೇ ಬಂದು ಹೋಗಿದ್ದಾರೆ, ಮೇಘಾ ಹಿಂದ ನೋಡು, ಹಿಂದ — ಮೇಘಾ ಬಿದ್ದಳು, ಅಯ್ಯಯ್ಯೋ ಸತ್ನೆವ್ವ ಎಂದು ಚಾಪೆಯ ಮೇಲೂ ಹಾಗೇ ಬಿದ್ದಳು, ಇನ್ನು ಅವಳದೇನಿದ್ದರೂ ನೋಡುವ ಕೆಲಸ.

ಅಕ್ಕಾ, ಮೈಲಾರದ ಕಡಿ ಹೋಗಬ್ಯಾಡ, ಬರೀ ಜನ ಐತಿ, ಹುಲುಗೇಶ ಕೂಗುತ್ತಿದ್ದಾನೆ, ಆಟದ ನಕಾಶೆಗೆಲ್ಲ ಅವನೇ ಹೆಸರಿಟ್ಟವನು, ಇಂಗ್ಲಿಷಿನ ಹೆಸರುಗಳು ಗಡಿಬಿಡಿಯಲ್ಲಿ ನಾಲಿಗೆಗೆ ತಿರುಗುವುದಿಲ್ಲವೆಂದು, ಯಾವಾಗಲೂ ಎಲ್ಲರೂ ಮುಗಿಬೀಳುವ ಹೊಳೆದಂಡೆ ಮೈಲಾರ, ಹಳೆಯ ಕಲ್ಲುಕಂಬಗಳ ಕಟ್ಟಡ ಕೋಗಳಿ, ತಗಡಿನ ಅಂಗಡಿಸಾಲು ಅರಸೀಕೆರಿ, ಅದೊಂದನ್ನು ಅವಳಿಗೆ ಹೇಳಿರಲೇ ಇಲ್ಲ — ಅದರಿಂದಲೇ ಬಂತು ಎಲ್ಲ, ಹೋದ ಭಾನುವಾರ, ಕೊನೆಯ ಗಳಿಗೆಯಲ್ಲಿ, ಅರಸೀಕೆರಿಗೆ ಬಾ ಅಕ್ಕಾ ಅರಸೀಕೆರಿಗೆ, ಎಂದು ಅವನು ಕಿರುಚಿದ, ಅವಳು ಜೀವದ ಹಂಗು ಬಿಟ್ಟು ಓಡಿದಳು, ಓಡಿ ರೈಲು ಯಾರ್ಡಿನಲ್ಲಿ ನಿಂತಿದ್ದಳು, ಅವರಿಬ್ಬರೂ ಅಂಗಡಿಸಾಲಿನಲ್ಲಿ ಸತ್ತರು. ಅಲ್ಲೇನ್ ಮಾಡಾಕ ಹೋಗಿದ್ದಿ? ಅರಸೀಕೆರಿ ಅಂದ್ಯಲ್ಲೋ. ಅರಸೀಕೆರಿ ಅಂದ್ರ ಹರಪನಹಳ್ಳಿ ಕಡಿ ಅರಸೀಕೆರಿ, ನಮ್ಮವ್ವನ ತವರು, ಅದರಾಗ ಟ್ರೇನ್ ಎಲ್ಲಿ ಬಂತು! ರೈಲ್ವೆಯವರ ಮನೆಯಲ್ಲಿ ಅರಸೀಕೆರೆ ಇರುವುದು ಒಂದೇ, ದೂರದ ದೊಡ್ಡ ಜಂಕ್ಷನ್ನು, ಅಪ್ಪ ಯಾವಾಗಾದರೊಮ್ಮೆ ಅಲ್ಲಿಗೆ ಡ್ಯೂಟಿಗೆ ಹೋಗಿ ಬರುವಾಗ ವಡೆ ತರುತ್ತಿದ್ದ, ಇದನ್ನೆಲ್ಲ ಹೇಳಿದಳೇ, ಹೇಳಲಿಲ್ಲ, ಮೇಘಾ ಆಗಲೇ ನಗುತ್ತಿದ್ದಳು, ಟೈಂಪಾಸಿಗೆ ಆಡೋರು ಹಿಂಗ ನೋಡು ಅಂದ ಹುಲುಗೇಶ, ಆ ಮಾತು ಸೋಮವಾರದ ಬಸ್ಸಿಗೂ ಹತ್ತಿತು. ಹತ್ತಲಿ. ಅವಳಿಗೆ ಇರುವುದು ಎಂಟು ತಾಸಲ್ಲ, ಹೋಗುವಾಗ ಮುಕ್ಕಾಲು ತಾಸು, ಬರುವಾಗ ಮುಕ್ಕಾಲು ತಾಸು, ಕಿಟಕಿಯ ಸೀಟು ಸಿಕ್ಕರೆ, ನಡುವೆ ಸಿಗ್ನಲ್ ಸಾಯದಿದ್ದರೆ, ಈ ವಾರ ಒಂದು ದಿನವೂ ಆಡಲಿಲ್ಲ, ಒಂದು ಗುಂಡೂ ಹಾರಿಸಲಿಲ್ಲ, ಅಭ್ಯಾಸದ ಕೋಣೆ ತೆರೆದು ಯಾರೂ ಇಲ್ಲದ ಆ ಯಾರ್ಡಿಗೆ ಹೋದಳು, ನಡೆದಳು, ಹಳಿ ಆರು, ಸರಕು ಡಬ್ಬಿ ನಾಲ್ಕು, ಜಲ್ಲಿಯ ಮೇಲೆ ಕಾಲಿಟ್ಟರೆ ಚರಚರ, ಮರದ ದಿಮ್ಮಿಯ ಮೇಲೆ ಧಪ್, ಹಳಿಯ ಮೇಲೆ ಟಣ್, ಒಂದೇ ಕಿವಿಯಾದ್ದರಿಂದ ಸದ್ದು ಯಾವ ಕಡೆಯದೆಂದು ತಿಳಿಯಲು ಸುತ್ತ ಒಂದು ಗಿರಕಿ ಹೊಡೆಯಬೇಕು, ಹೊಡೆದಳು, ನೂರು ಸಲ, ಬುಧವಾರ ಕಂಡಕ್ಟರ್ ಪಾಲಣ್ಣ ಬಗ್ಗಿ ನೋಡಿ, ಏನವ್ವಾ, ಗೇಮ್ ಅಂತಿ, ಬರೇ ಅಡ್ಡಾಡಾಕ ಹತ್ತೀಯಲ್ಲ, ಅಂದ. ಹೌದಣ್ಣ, ಅಡ್ಡಾಡಾಕ ಹತ್ತೀನಿ.

ಬ್ಯಾಟರಿ ಆರು ಪರ್ಸೆಂಟು. ಬೆಳಿಗ್ಗೆ ಅವ್ವ ಮಿಕ್ಸಿಗೆಂದು ಅವಳ ಚಾರ್ಜರ್ ಕಿತ್ತದ್ದು ನೆನಪಾಯಿತು, ಅವ್ವ ಬಸಲಿಂಗಮ್ಮನ ಶೇಂಗಾ ಚಟ್ನಿಯ ಮುಂದೆ ಯಾವ ಪಂದ್ಯ, ಐದು ಅಂತಿದೆ ಈಗ, ನಕಾಶೆಯ ನೀಲಿ ಸುತ್ತುಗೆರೆ ಕುಗ್ಗುತ್ತಿದೆ, ಅದರ ಹೊರಗೆ ಉಳಿದವರು ಸಾಯುತ್ತಾರೆ, ಒಳಗೆ ಉಳಿದವರು ನಾಲ್ವರು, ಹುಲುಗೇಶ ಅಂಗಡಿಸಾಲಿನ ಮೂಲೆಯಿಂದ ಒಬ್ಬನನ್ನು ಹೊಡೆದ, ಎರಡನೆಯವನು ಹುಲುಗೇಶನನ್ನು ಹೊಡೆದ, ಛೇ, ಎಂದು ಫೋನನ್ನು ಚಾಪೆಗೆ ಬಿಸಾಕಿದ, ಕೆಳಗಿನ ಚೌಕಾಸಿ ಮುಗಿದಿರಬೇಕು, ಉಳಿದವರು ಇಬ್ಬರು, ಅವನ್ಯಾರೋ, ತಾನು. ಕೈ ಬೆವರಿದೆ, ಚೂಡಿದಾರಕ್ಕೆ ಒರೆಸಿಕೋ, ಒಂದು ಹೆಬ್ಬೆಟ್ಟು ಆಮೇಲೆ ಇನ್ನೊಂದು, ಎಂಟು ತಾಸು ಆಡುವ ಪಾಲಾಕ್ಷ ಇದನ್ನೂ ಆಡೇ ಇರುತ್ತಾನೆ, ಈ ಗಳಿಗೆಯನ್ನೂ ನೂರು ಸಲ ದಾಟಿರುತ್ತಾನೆ, ದಾಟಿರಲಿ, ಈ ಯಾರ್ಡಿನ ಒಂದೊಂದು ದಿಮ್ಮಿಯನ್ನೂ ಬಡಿದು ನೋಡಿದವರು ಯಾರು, ಅವನೋ ನಾನೋ. ಗೆರೆ ಹೊಳೆದಂಡೆ ಬಿಟ್ಟಿತು, ಅಂಗಡಿಸಾಲು ಬಿಟ್ಟಿತು, ಬಂದು ಬಂದು ಅವಳ ಕಾಲಬುಡಕ್ಕೇ ನಿಂತಿತು. ಹುಲುಗೇಶ ಬಗ್ಗಿ ಅವಳ ಫೋನಿನೊಳಗೆ ಹಣಿಕಿದ, ಅವನ ಉಸಿರು ಎಡಗಿವಿಗೆ ಬಿಸಿಯಾಗಿ, ಎಲ್ಲಿ ಅದಿ ಅಕ್ಕಾ?

ಅರಸೀಕೆರಿ.

ಯಾವ ಅರಸೀಕೆರಿ?

ನಮ್ಮಪ್ಪಂದು. ಈಗ ಬಾಯಿ ಮುಚ್ಚೋ, ಕೇಳಿಸ್ಕೋಬೇಕು ನಾನು.

ಬ್ಯಾಟರಿ ಮೂರು. ಗೋಡೆಯ ಕಡೆ ಏನೋ ಅಲುಗಿತು, ಅವಳು ನೋಡಲಿಲ್ಲ, ಪಾಲಾಕ್ಷ ತನ್ನ ಫೋನಿನಿಂದ ಚಾರ್ಜರ್ ಕಿತ್ತು, ವೈರನ್ನು ಚಾಪೆಯ ಮೇಲಿಂದ ಎಳೆದು ತಂದು, ಅವಳ ಬೆರಳಿಗೆ ತಾಗದ ಹಾಗೆ, ಅವಳ ಫೋನಿಗೆ ಚುಚ್ಚಿದ. ಹೆಬ್ಬೆಟ್ಟಿನ ಕೆಳಗೆ ಫೋನು ಚಾರ್ಜು ಹತ್ತಿ ಒಮ್ಮೆ ಅದುರಿತು. ಯಾರ್ಡಿನ ಮೂರನೆಯ ಸರಕು ಡಬ್ಬಿಯ ಹಿಂದೆ ಅವಳು ಕೂತೇ ಇದ್ದಾಳೆ, ಬಿಸಿಲು, ಜಲ್ಲಿ, ಹಳಿಯ ಗುಂಟ ಯಾರದೋ ಸುತ್ತಿಗೆ ಹೆಗಲಿನಿಂದ ಇಳಿಯುತ್ತಿದೆ, ಅವಸರ ಬ್ಯಾಡವ್ವ, ಬಲಗಿವಿಯಲ್ಲಿ ಎದುರಾಳಿಯ ಹೆಜ್ಜೆ, ಚರಚರ, ಜಲ್ಲಿ, ಚರಚರ, ಧಪ್, ದಿಮ್ಮಿ, ಇನ್ನೊಂದು ಹೆಜ್ಜೆ ಇಡು, ಇಡು, ಅರ್ಧ ಗಿರಕಿ ತಿರುಗಿದಳು, ಸುತ್ತಿಗೆ ಮೇಲೆದ್ದಿದೆ, ಬಿಸಿಲಿಗೆ ಅದರ ಮೂತಿ ಹೊಳೆಯುತ್ತಿದೆ, ಮೇಲೆಯೇ ನಿಂತಿದೆ — ಟಣ್, ಹಳಿ. ಹೆಬ್ಬೆಟ್ಟು ಇಳಿಯಿತು, ಒಂದೇ ಗುಂಡು, ಯಾರ್ಡಿನಲ್ಲಿ ಉಳಿದವರು ಒಬ್ಬರು, ಹುಲುಗೇಶ ತೊಡೆಯ ಕೆಳಗಿನಿಂದ ಫಾರ್ಮು ಎಳೆದು ಪೆನ್ನಿನ ಟೋಪಿಯನ್ನು ಹಲ್ಲಿನಿಂದ ಕಿತ್ತ, ಅವಳಿಗೆ ಅದು ಕಾಣಲಿಲ್ಲ, ಸುತ್ತಿಗೆ, ಬಿಸಿಲಿನಲ್ಲಿ ಸುತ್ತಿಗೆ, ಬಿಗಿಯಾದ ಕೀಲಿಯ ಮೇಲೆ, ಟಣ್.