ಒಂದೂವರೆ ಗೇಣಿನ ಹಾವು

ಸೀತಾಫಲ ಕಣ್ಣು ಬಿಡುವ ಕಾಲಕ್ಕೆ ಹೀರಾಬಿ ವರ್ಷ ತಪ್ಪದೆ ಅರಕೇರಾದ ಗುಡ್ಡ ಹತ್ತುತ್ತಿದ್ದಳು. ಹಣ್ಣು ಕಿತ್ತು ತಂದು ದೇವದುರ್ಗದ ಬಸ್‌ಸ್ಟ್ಯಾಂಡಿನ ಎದುರು ಬುಟ್ಟಿ ಇಟ್ಟು ಮಾರುತ್ತಿದ್ದಳು. ಈ ಸಲ ಮೊದಲ ಬಾರಿಗೆ ಸೊಸೆ ನಿಗಾರಳನ್ನೂ ಕರೆದುಕೊಂಡು ಹೋಗಿದ್ದಳು. ನಿಗಾರ್ ರಾಯಚೂರಿನ ಪೇಟೆಯೊಳಗೆ ಬೆಳೆದವಳು. ಹಾವನ್ನು ಅವಳು ನೋಡಿದ್ದು ಮೊಬೈಲಿನಲ್ಲಿ ಮಾತ್ರ.

ಬೆಳಿಗ್ಗೆ ಎಂಟರ ಹೊತ್ತಿಗೆ ಬುಟ್ಟಿ ಅರ್ಧ ತುಂಬಿತ್ತು. ಹೀರಾಬಿಯ ಕೈ ತಪ್ಪಿದ ಹಣ್ಣೊಂದು ಉರುಳಿ ಹಾಸುಗಲ್ಲಿನ ಕೆಳಗೆ ಸೇರಿತು. ಅವಳು ಬಗ್ಗಿದಳು. ಆಗ ನಿಗಾರಳಿಗೆ ಒಂದು ಸದ್ದು ಕೇಳಿಸಿತು. ಕಾದ ಹಂಚಿನ ಮೇಲೆ ನೀರು ಚಿಮುಕಿಸಿದಂಥ ಸದ್ದು. ಯಾವುದೋ ಹುಳವಿರಬೇಕು ಎಂದುಕೊಂಡು ಸುಮ್ಮನಾದಳು.

"ಹಾಯ್ ಅಲ್ಲಾ!" ಎಂದು ಹೀರಾಬಿ ಕೈ ಹಿಂದಕ್ಕೆಳೆದಳು. ತೋರುಬೆರಳಿನ ಮೇಲೆ ಎರಡು ರಕ್ತದ ಚುಕ್ಕೆ.

ಕಲ್ಲಿನ ನೆರಳಲ್ಲಿ ಅದು ಕಂಡಿತು. ಒಣಗಿದ ಎಲೆಯ ಬಣ್ಣ, ಒಂದೂವರೆ ಗೇಣು ಉದ್ದ. ಮೈಯನ್ನು ಮಡಚಿಕೊಂಡು, ಮಡಿಕೆಗೆ ಮಡಿಕೆ ಉಜ್ಜುತ್ತಿತ್ತು. ಸದ್ದು ಬರುತ್ತಿದ್ದದ್ದು ಬಾಯಿಂದಲ್ಲ, ಆ ಮೈಯಿಂದ. ಓಡಿಹೋಗುವ ಲಕ್ಷಣವೇ ಇರಲಿಲ್ಲ.

ಹೀರಾಬಿಯ ಕೂಗಿಗೆ ಕೆಳಗಿನ ತೊಗರಿ ಹೊಲದಿಂದ ಮುದುಕಪ್ಪ ಓಡಿ ಬಂದ. ಅವನು ಕೋಲು ಎತ್ತುವಷ್ಟರಲ್ಲಿ ಹಾವು ಕಲ್ಲಿನಡಿ ಸರಿಯಿತು.

"ಮರಿ ಬಿಡ್ರಿ ಅದು," ಎಂದ. "ಹಲ್ಲಾಗ ಇನ್ನೂ ವಿಷಾ ಕೂಡಿರಂಗಿಲ್ಲ. ಊರಾಗ ಬೇರು ಅರದು ಕೊಡಾಂವ ಅದಾನ, ನಡೀರಿ."

"ಏನೂ ಆಗಂಗಿಲ್ಲ ಬಿಡು," ಎಂದಳು ಹೀರಾಬಿಯೂ. ಆದರೆ ನಿಗಾರ್ ಅತ್ತೆಯ ಮುಖ ನೋಡಲಿಲ್ಲ, ಬೆರಳನ್ನೇ ನೋಡಿದಳು. ಅದು ಆಗಲೇ ಬದನೆಕಾಯಿಯಂತೆ ಊದುತ್ತಿತ್ತು.

"ಕಾಕಾ, ನಿಮ್ಮ ಕಾಲಿಗೆ ಬೀಳ್ತೀನಿ. ಗಾಡಿ ತೆಗೀರಿ, ದೇವದುರ್ಗದ ದವಾಖಾನಿಗೆ ಬಿಡ್ರಿ."

ಮುದುಕಪ್ಪ ಮರುಮಾತಾಡದೆ ಬೈಕ್ ತಂದ. ನಡುವೆ ಹೀರಾಬಿ, ಅವಳನ್ನು ಅವಚಿಕೊಂಡು ಹಿಂದೆ ನಿಗಾರ್. ದಾರಿಯುದ್ದಕ್ಕೂ ಅತ್ತೆಯ ಬೆನ್ನಿಗೆ ಕಿವಿ ಹಚ್ಚಿ ಉಸಿರು ಎಣಿಸಿದಳು.

ದವಾಖಾನೆಯಲ್ಲಿ ನರ್ಸ್ ಮಲ್ಲೇಶ್ವರಿ ಮೊದಲು ಉಂಗುರ, ಬಳೆ ತೆಗೆಸಿದಳು. ಡಾಕ್ಟರ್ ಬಂದು ನೋಡಿದರು. ಹೀರಾಬಿಯ ರಕ್ತವನ್ನು ಒಂದು ಗಾಜಿನ ನಳಿಗೆಯಲ್ಲಿ ತುಂಬಿ, ಮೇಜಿನ ಮೇಲೆ ನಿಲ್ಲಿಸಿದರು.

"ಇಪ್ಪತ್ತು ನಿಮಿಷ ಯಾರೂ ಅದನ್ನ ಮುಟ್ಟಬ್ಯಾಡ್ರಿ," ಎಂದಳು ಮಲ್ಲೇಶ್ವರಿ. "ಆಮ್ಯಾಲೆ ಬಗ್ಗಿಸಿ ನೋಡ್ತೀವಿ. ಹೆಪ್ಪುಗಟ್ಟಿತ್ತಂದ್ರ ಚಲೋ. ನೀರಿನಂಗ ಹರೀತಂದ್ರ ವಿಷಾ ರಕ್ತಕ್ಕ ಇಳದದ ಅಂತ."

ನಿಗಾರ್ ಗೋಡೆಯ ಗಡಿಯಾರದ ಎದುರು ನಿಂತಳು. ಇಪ್ಪತ್ತು ನಿಮಿಷ ಇಷ್ಟು ಉದ್ದ ಇರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಮಲ್ಲೇಶ್ವರಿ ನಳಿಗೆ ಬಗ್ಗಿಸಿದಳು. ರಕ್ತ ಅಲುಗಲಿಲ್ಲ. ಹೆಪ್ಪುಗಟ್ಟಿತ್ತು.

"ನಾ ಹೇಳಲಿಲ್ಲೇನು?" ಹೀರಾಬಿ ಎದ್ದು ಕೂತಳು. "ನಡಿ ಬೇಟಿ, ಹಣ್ಣು ಅಲ್ಲೇ ಬಿಟ್ಟು ಬಂದೀವಿ."

"ಅಮ್ಮಾರ, ಮಲಕೊಳ್ರಿ. ಇನ್ನೂ ನೋಡೋದದ," ಎಂದ ಮಲ್ಲೇಶ್ವರಿ ನಿಗಾರಳನ್ನು ಹೊರಗೆ ಕರೆದಳು. "ಹಾವು ಹೆಂಗಿತ್ತು?"

ನಿಗಾರ್ ಹೇಳಿದಳು. ಬಣ್ಣ, ಉದ್ದ, ಆಮೇಲೆ ಸದ್ದು. "ಆ ಸದ್ದು ನಾ ಮೊದಲ ಕೇಳಿದ್ದೆ ಸಿಸ್ಟರ್. ಅಮ್ಮೀಗೆ ಹೇಳಲಿಲ್ಲ."

ಗೋಡೆಯ ಮೇಲೆ ನಾಲ್ಕು ಹಾವಿನ ಚಿತ್ರವಿದ್ದ ಹಾಳೆ ಅಂಟಿಸಿದ್ದರು. ನಾಗರ, ಕಟ್ಟುಹಾವು, ಕೊಳಕುಮಂಡಲ. ಮಲ್ಲೇಶ್ವರಿಯ ಬೆರಳು ನಾಲ್ಕನೆಯದರ ಮೇಲೆ ನಿಂತಿತು.

"ಗರಗಸ ಮಂಡಲ. ಮೈಮ್ಯಾಗಿನ ಹುರುಪಿ ಗರಗಸದಂಗ ಇರ್ತಾವ, ಅವನ್ನ ತಿಕ್ಕಿ ಸದ್ದು ಮಾಡ್ತದ. ಕಲ್ಲು ಗುಡ್ಡದಾಗ ಬಾಳ."

"ಮರಿ ಇತ್ತಲ್ಲ, ಸಿಸ್ಟರ್?"

"ಮರಿ ಅಲ್ಲ ಅದು. ಅದು ಬೆಳಿಯೋದ ಅಷ್ಟು."

ನಿಗಾರ್ ಗೋಡೆಗೆ ಕೈ ಊರಿದಳು.

ಒಂದು ತಾಸಿನ ಮೇಲೆ ಇಟ್ಟ ಎರಡನೇ ನಳಿಗೆಯೂ ಹೆಪ್ಪುಗಟ್ಟಿತು. ಮುದುಕಪ್ಪ ಚಹಾ ತಂದುಕೊಟ್ಟ. ಹೀರಾಬಿ ಎರಡು ಗುಟುಕು ಕುಡಿದು ಬಾಯಿ ಒರೆಸಿಕೊಂಡಳು. ಸೆರಗಿನ ಮೇಲೆ ಕೆಂಪು ಹತ್ತಿತು.

"ವೀಳ್ಯಾ ಹಾಕೊಂಡಿದ್ರೇನು ಅಮ್ಮೀ?" ನಿಗಾರ್ ಕೇಳಿದಳು.

"ಇವತ್ತೆಲ್ಲಿ ಹಾಕೊಂಡೀನಿ?"

ಒಸಡಿನಿಂದ ರಕ್ತ ಒಸರುತ್ತಿತ್ತು. ಸೂಜಿ ಚುಚ್ಚಿದ ಜಾಗದಲ್ಲಿ ಹತ್ತಿ ತೊಯ್ದು ರಕ್ತ ಮೊಣಕೈಗೆ ಇಳಿದಿತ್ತು. ನಿಗಾರ್ ಕೂಗಿದ್ದು ಗೇಟಿನವರೆಗೂ ಕೇಳಿಸಿತು. ಮೂರನೇ ನಳಿಗೆ ಇಟ್ಟರು. ಇಪ್ಪತ್ತು ನಿಮಿಷದ ಮೇಲೆ ಬಗ್ಗಿಸಿದಾಗ ರಕ್ತ ಶರಬತ್ತಿನಂತೆ ಸರಕ್ಕನೆ ಅಂಚಿಗೆ ಹರಿಯಿತು.

ಡಾಕ್ಟರ್ ಹಾವಿನ ವಿಷ ಇಳಿಸುವ ಔಷಧ ಹತ್ತು ಸೀಸೆ ಸಲೈನಿಗೆ ಸೇರಿಸಿ ಬಿಟ್ಟರು. ಕಾಲು ತಾಸಿನಲ್ಲೇ ಹೀರಾಬಿ ಗಡಗಡ ನಡುಗತೊಡಗಿದಳು. ಮೈತುಂಬ ದದ್ದು ಎದ್ದವು. ಮಂಚ ಕಟಕಟ ಸದ್ದು ಮಾಡಿತು. ಮಲ್ಲೇಶ್ವರಿ ಸಲೈನ್ ನಿಲ್ಲಿಸಿದಳು, ಡಾಕ್ಟರ್ ಓಡಿ ಬಂದು, ಔಷಧ ಮೈಗೆ ಒಗ್ಗಿಲ್ಲವೆಂದು ಬೇರೆ ಸೂಜಿ ಹಾಕಿದರು. ಔಷಧ ನಿಂತರೆ ವಿಷ, ಹರಿದರೆ ಈ ನಡುಕ. ಯಾವುದಕ್ಕೆ ದುವಾ ಮಾಡಬೇಕೆಂದು ನಿಗಾರಳಿಗೆ ತಿಳಿಯಲಿಲ್ಲ. ಅತ್ತೆಯ ಎರಡೂ ಪಾದ ಹಿಡಿದುಕೊಂಡು ನಿಂತಳು.

ನಡುಕ ನಿಂತಿತು. ಹನಿಯನ್ನು ನಿಧಾನ ಮಾಡಿ ಮತ್ತೆ ಬಿಟ್ಟರು. ಒಸಡಿನ ರಕ್ತ ಮೂರು ಗಂಟೆಗೆ ಕಡಿಮೆಯಾಯಿತು. ಸಂಜೆಯ ನಳಿಗೆಯನ್ನು ಮಲ್ಲೇಶ್ವರಿ ಬಗ್ಗಿಸುವಾಗ ನಿಗಾರ್ ಕಣ್ಣು ಮುಚ್ಚಿಕೊಂಡಳು.

"ಕಣ್ಣು ತೆಗಿಯವಾ," ಎಂದಳು ಮಲ್ಲೇಶ್ವರಿ. "ಹೆಪ್ಪುಗಟ್ಟೇದ."

ಮೂರು ದಿನ ಇಟ್ಟುಕೊಂಡು ಮನೆಗೆ ಕಳಿಸಿದರು. ಬೆರಳ ತುದಿ ಕಪ್ಪಾಗಿ ಒಣಗಿತು. ಆಮೇಲೆ ಡಾಕ್ಟರ್ ಅಷ್ಟನ್ನು ಕತ್ತರಿಸಿ ತೆಗೆದರು. ಗುಡ್ಡದ ಮೇಲಾಗಲಿ ದವಾಖಾನೆಯಲ್ಲಾಗಲಿ ಒಮ್ಮೆಯೂ ಹೆದರದ ಹೀರಾಬಿಗೆ ಭಯ ಹತ್ತಿದ್ದು ಗಾಯ ಮಾಯ್ದ ಮೇಲೆ. ಒಂದು ಮುಂಜಾನೆ ಅವಳು ಮಂಚದ ಮೇಲೆ ಕಾಲು ಮಡಚಿ ಕೂತಿದ್ದಳು, ಕೆಳಗೆ ಇಳಿಯಲೊಲ್ಲಳು.

"ನೆಲಾ ನೋಡು ಬೇಟಿ," ಎಂದಳು, ಸಣ್ಣ ಧ್ವನಿಯಲ್ಲಿ.

ನಿಗಾರ್ ಕಸಬರಿಗೆಯಿಂದ ಮಂಚದ ಕೆಳಗೆಲ್ಲ ಗುಡಿಸಿದಳು. ಚಾಪೆ ಎತ್ತಿ ಝಾಡಿಸಿದಳು. ಆಮೇಲೆ ತಾನೇ ಬರಿಗಾಲಲ್ಲಿ ಆ ಜಾಗದಲ್ಲಿ ನಿಂತು, ಕೈ ಚಾಚಿದಳು.

"ಬರ್ರಿ ಅಮ್ಮೀ. ಏನಿಲ್ಲ."

ಹೇಳುವಾಗ ಅವಳ ಕಿವಿ ಮೂಲೆಯ ಕಡೆಗೇ ಇತ್ತು.