ಹದಿನಾಲ್ಕು ಗುಳಿ

ಮಿಡಿಗೇಶಿಯ ಹೆಂಗಸರು ಏನೂ ಕೆಲಸ ಮಾಡುವುದಿಲ್ಲವೆಂದು ಎರಡೇ ದಿನದಲ್ಲಿ ಸಾಬೀತಾಗಿಬಿಟ್ಟಿತ್ತು. ಹಾಗೆ ಹೇಳಿದವರು ಹೊರಗಿನವರಲ್ಲ, ಆ ಹೆಂಗಸರೇ.

ಯಾವ ಮನೆಯಲ್ಲಿ ಯಾರು ಎಷ್ಟು ಹೊತ್ತು ದುಡಿಯುತ್ತಾರೆ ಎಂದು ತಿಳಿಯಲು ಶ್ರೀಲತಾ ಮೇಡಂ ವಿಶ್ವವಿದ್ಯಾಲಯದಿಂದ ಬಂದಿದ್ದರು. ಅವರಿಗೆ ಮನೆ ತೋರಿಸಲು ಹೊರಟವಳು ಗಂಗಲಕ್ಷ್ಮಿ. ಒಂಬತ್ತನೇ ತರಗತಿಗೆ ಶಾಲೆ ಬಿಟ್ಟವಳು, ಈಗ ಇಪ್ಪತ್ತೊಂದು. ಮಾತು ಕಡಿಮೆ, ಕಣ್ಣು ಚುರುಕು. ಸದ್ಯಕ್ಕೆ ಮೂರು ದಿನದ ಕೆಲಸ. ಸರಿಹೋದರೆ ಮುಂದೆ ಐ.ಡಿ.ಹಳ್ಳಿ, ಆಮೇಲೆ ಪಾವಗಡ, ಸಿರಾ ಕಡೆಯ ಊರುಗಳು. ಮೂರು ತಿಂಗಳು ಮೇಡಂ ಜೊತೆ ತಿರುಗಬಹುದು. ಗಂಗಲಕ್ಷ್ಮಿ ಮಧುಗಿರಿಯ ಆಚೆಗೆ ಬಸ್ಸು ಹತ್ತಿದವಳೇ ಅಲ್ಲ. ಈ ಮಾತು ಕಿವಿಗೆ ಬಿದ್ದಾಗಿನಿಂದ ದಿನಾ ಸಂಜೆ ಚಪ್ಪಲಿ ತೊಳೆದು ಇಡುತ್ತಿದ್ದಳು.

ಆದರೆ ಮೇಡಂ ಅವರ ಮೊಬೈಲಿನಲ್ಲಿದ್ದ ಗಂಟೆಗಂಟೆಯ ಕೆಲಸದ ಪಟ್ಟಿ ಮಾತ್ರ ತುಂಬುತ್ತಿರಲಿಲ್ಲ.

"ನೀವೇನು ಕೆಲಸ ಮಾಡ್ತೀರಮ್ಮ?" ಎಂದು ಅವರು ದೊಡ್ಡ ಮನೆಯ ರಾಜಲಕ್ಷ್ಮಮ್ಮನನ್ನು ಕೇಳಿದ್ದರು.

"ನಂದೇನ್ ಕೆಲ್ಸ ಕಣಮ್ಮ, ಸುಮ್ಕೆ ಮನೇಲಿದೀನಿ," ಎಂದಳು ರಾಜಲಕ್ಷ್ಮಮ್ಮ. ಹಾಗೆನ್ನುವಾಗ ಅವಳ ಕೈ ಹುಣಸೆಹಣ್ಣಿನ ಬೀಜ ಬಿಡಿಸುತ್ತಿತ್ತು, ಕಾಲು ಮೊಮ್ಮಗಳ ತೊಟ್ಟಿಲು ತೂಗುತ್ತಿತ್ತು, ಕಣ್ಣು ಒಳಗೆ ಒಲೆಯ ಮೇಲಿದ್ದ ಹಾಲಿನ ಮೇಲಿತ್ತು. ಗಂಡ ತಿಮ್ಮರಾಯಪ್ಪ ಜಗಲಿಯ ಕಂಬಕ್ಕೆ ಒರಗಿಕೊಂಡೇ ಹೇಳಿದ, "ಮನೇಲಿರ್ತಾಳೆ ಅಂತ ಬರ್ಕಳಿ. ದುಡಿಯೋದೆಲ್ಲ ನಂದೇ."

ಗಂಗಲಕ್ಷ್ಮಿ ಇದನ್ನೆಲ್ಲ ಅಂಗಳದಲ್ಲೇ ನಿಂತು ನೋಡಿದ್ದಳು. ಅವಳ ಕೇರಿಯವರು ಆ ಜಗಲಿ ಹತ್ತುವುದಿಲ್ಲ. ಹತ್ತಬೇಡ ಎಂದು ಈಗ ಯಾರೂ ಹೇಳುವುದಿಲ್ಲ, ಕಾಲೇ ನಿಂತುಬಿಡುತ್ತದೆ.

ಎರಡನೇ ದಿನ ಸಂಜೆ ಮೇಡಂ ಅವರ ಮೇಲಿನ ಸಾಹೇಬರು ಫೋನು ಮಾಡಿದರು. ಅವರ ಗಂಟಲು ದೊಡ್ಡದು, ಪಕ್ಕದಲ್ಲಿದ್ದ ಗಂಗಲಕ್ಷ್ಮಿಗೂ ಕೇಳಿಸಿತು.

"ಹತ್ತನೇ ಕ್ಲಾಸೂ ಆಗದವಳನ್ನ ಕಟ್ಕೊಂಡು ಹೋದ್ರೆ ಹೀಗೇ ಆಗೋದು. ನಾಳೆ ಸಂಜೆಗೆ ಪಟ್ಟಿ ತುಂಬದಿದ್ರೆ ಡಿಗ್ರಿ ಆಗಿರೋರನ್ನ ಕಳಿಸ್ತೀನಿ, ಅವಳನ್ನ ಬಿಟ್ಬಿಡಿ."

ಮನೆಗೆ ಬಂದವಳೇ ಅವ್ವ ನರಸಿಂಹಮ್ಮನನ್ನು ಕೇಳಿದಳು. "ಇವತ್ತೇನ್ ಕೆಲ್ಸ ಮಾಡ್ದೆ ಅವ್ವ?"

"ಕೂಲಿಗೋದ್ರೆ ತಾನೇ ಕೆಲ್ಸ? ಇವತ್ತು ಬರೀ ರಾಜಲಕ್ಷ್ಮಮ್ಮಾರ ಮನೆ ಕೊಟ್ಟಿಗೆ ಬಾಚ್‌ಬಂದೆ, ಆಮೇಲೆ ಸುಮ್ಕಿದ್ದೆ." ಹಾಗಂದು ನರಸಿಂಹಮ್ಮ ತಲೆಯ ಮೇಲಿದ್ದ ಸೌದೆ ಹೊರೆಯನ್ನು ಕೆಳಗೆ ಹಾಕಿದಳು.

ಹೊರೆ ಬಿದ್ದ ಜಾಗದ ಪಕ್ಕ, ನೆಲದಲ್ಲಿ, ಗಂಗಲಕ್ಷ್ಮಿ ಚಿಕ್ಕವಳಿದ್ದಾಗ ತೋಡಿದ್ದ ಗುಳಿಗಳು ಇನ್ನೂ ಇದ್ದವು. ದೊಡ್ಡ ಮನೆಗಳಲ್ಲಿ ಅಳಗುಳಿ ಆಡಲು ಮರದ ಮಣೆ ಇರುತ್ತದೆ. ಇವರ ಕೇರಿಯಲ್ಲಿ ನೆಲವೇ ಮಣೆ. ಮೇಲೆ ಏಳು ಗುಳಿ, ಕೆಳಗೆ ಏಳು, ಆಡಲು ಹುಣಸೆಬೀಜ. ಒಂದು ಗುಳಿಯಲ್ಲಿ ಕೋಳಿ ಕೂತಿತ್ತು. ಗಂಗಲಕ್ಷ್ಮಿ ಅದನ್ನು ಎಬ್ಬಿಸಿ ಗುಳಿಗಳನ್ನು ಎಣಿಸಿದಳು. ಬೆಳಗಿನ ಐದರಿಂದ ಸಂಜೆ ಏಳರವರೆಗೆ ಬೆರಳು ಮಡಿಸಿದಳು. ಮತ್ತೊಮ್ಮೆ ಮಡಿಸಿದಳು. ಗುಳಿಯೂ ಹದಿನಾಲ್ಕು, ಗಂಟೆಯೂ ಹದಿನಾಲ್ಕು.

ಮಾರನೇ ದಿನ ಮೇಡಂ ಜೊತೆ ಬಂದ ಗಂಗಲಕ್ಷ್ಮಿ ರಾಜಲಕ್ಷ್ಮಮ್ಮನ ಮನೆ ಮುಂದಿನ ಹುಣಸೆಮರದ ಕೆಳಗೆ ಮುರುಕಲು ಸೌಟು ಹಿಡಿದು ಕೂತಳು. ಬೀಜ ಬಿಡಿಸುವ ಕೂಲಿಗೆ ಬಂದಿದ್ದ ನರಸಿಂಹಮ್ಮನಿಗೆ ನಾಚಿಕೆಯಾಯಿತು.

"ಮದ್ವೆ ವಯಸ್ಸಲ್ಲಿ ಇದೇನೇ ಗುಳಿ ತೋಡ್ತಾ ಕುಂತೆ?"

ಗಂಗಲಕ್ಷ್ಮಿ ತಲೆ ಎತ್ತದೆಯೇ ಹೇಳಿದಳು. "ಮೊದಲ್ನೇದು ಬೆಳಗ್ಗೆ ಐದು ಗಂಟೆ. ಕೊನೇದು ಸಂಜೆ ಆರು. ನೆನ್ನೆ ಆ ಹೊತ್ತಲ್ಲಿ ಏನೇನ್ ಮಾಡಿದ್ರೋ, ಒಂದೊಂದಕ್ಕೆ ಒಂದೊಂದು ಬೀಜ. ಯಾರ್ದು ಜಾಸ್ತಿಯೋ ಅವರು ಗೆದ್ದಂಗೆ." ಅವಳು ಒಂದೇ ಉಸಿರಿಗೆ ಇಷ್ಟು ಮಾತಾಡಿದ್ದನ್ನು ಅವ್ವನೂ ಕೇಳಿರಲಿಲ್ಲ. ನರಸಿಂಹಮ್ಮ ನಾಚುತ್ತಲೇ ಮೊದಲ ಗುಳಿಗೆ ಬೀಜ ಹಾಕಿದಳು.

"ನನ್ಗೂ ಹಾಕು," ಎಂದಳು ಜಗಲಿ ಮೇಲಿಂದ ರಾಜಲಕ್ಷ್ಮಮ್ಮ. "ಐದಕ್ಕೆ ಕಸ ಗುಡಿಸಿದ್ದು, ಒಲೆ ಹಚ್ಚಿದ್ದು. ನರಸಿಂಹಿ ಎಷ್ಟು ಹಾಕಿದ್ಲು?"

"ಮೂರು."

"ಅದೆಂಗೆ ಮೂರು? ತಡಿ, ನಾನೇ ನೋಡ್ತೀನಿ." ರಾಜಲಕ್ಷ್ಮಮ್ಮ ಸೆರಗು ಸಿಕ್ಕಿಸಿ ಜಗಲಿ ಇಳಿದು ಬಂದು, ನರಸಿಂಹಮ್ಮನ ಎದುರಿಗೆ ನೆಲದ ಮೇಲೇ ಕೂತುಬಿಟ್ಟಳು.

ಆಮೇಲೆ ಆಟ ಏರಿತು. ಮುದ್ದೆ ತೊಳಸಿದ್ದು ಒಂದು, ಮಗು ಸೊಂಟದ ಮೇಲಿತ್ತಲ್ಲ, ಅದೊಂದು. ತಿಮ್ಮರಾಯಪ್ಪ ತನಗೂ ಹದಿನಾಲ್ಕು ಗುಳಿ ತೋಡಿಸಿಕೊಂಡ.

"ಎಂಟಕ್ಕೆ ಮೋಟರ್ ಹಾಕ್ದೆ. ಒಂಬತ್ತಕ್ಕೆ ಹೊಲ ನೋಡ್ದೆ."

"ನೋಡಿದ್ದಕ್ಕೂ ಬೀಜನಾ?" ಎಂದಳು ಹೆಂಡತಿ. "ನೀನು ನೋಡ್ದಿದ್ರೆ ಹೊಲ ಎದ್ದೋಗ್ತಿತ್ತಾ?"

"ಮಧ್ಯಾಹ್ನ ಮಲಗಿದ್ದಕ್ಕೆ ಒಂದು ಹಾಕಮ್ಮ ಗಂಗಾ. ಸುಸ್ತಾಗೇ ಮಲಗಿದ್ದು."

ಮೇಡಂ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಕೊನೆಗೆ ಎಣಿಸಿದರೆ ತಿಮ್ಮರಾಯಪ್ಪನದು ಏಳು. ರಾಜಲಕ್ಷ್ಮಮ್ಮನದು ಮೂವತ್ತೆಂಟು, ನರಸಿಂಹಮ್ಮನದೂ ಮೂವತ್ತೆಂಟು.

"ಸಮ ಬಂತು," ಎಂದು ರಾಜಲಕ್ಷ್ಮಮ್ಮ ಮೇಲೇಳಲು ಹೋದಳು.

ನರಸಿಂಹಮ್ಮ ಮೆಲ್ಲಗೆ ಕೆಮ್ಮಿದಳು. "ಅಮ್ಮಾರೆ, ಆರು ಗಂಟೆ ಗುಳೀಲಿ ಕೊಟ್ಟಿಗೆ ಬಾಚಿದ್ದು ಅಂತ ಹಾಕಿದೀರಲ್ಲ. ಅದು ಬಾಚಿದ್ದು ನಾನು."

ಗಂಗಲಕ್ಷ್ಮಿ ಕೈಯಲ್ಲಿದ್ದ ಸೌಟು ಕೆಳಗಿಟ್ಟಳು. ಆಟ ಇಲ್ಲಿಗೇ ಕೆಟ್ಟರೆ ಪಟ್ಟಿಯೂ ಹೋಯಿತು, ಬಸ್ಸೂ ಹೋಯಿತು. ರಾಜಲಕ್ಷ್ಮಮ್ಮ ಗುಳಿಯನ್ನೇ ನೋಡುತ್ತಿದ್ದಳು. ಆಮೇಲೆ ಆ ಬೀಜವನ್ನು ಎರಡು ಬೆರಳಲ್ಲಿ ಎತ್ತಿ, ನರಸಿಂಹಮ್ಮನ ಗುಳಿಗೆ ತಾನೇ ಹಾಕಿದಳು.

"ಗೆದ್ಬುಟ್ಟಲ್ಲೇ. ನಮ್ಮನೆ ಸಗಣಿ ಬಾಚಿ ನನ್ನೇ ಸೋಲಿಸ್ದೆ."

ನರಸಿಂಹಮ್ಮ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ರಾಜಲಕ್ಷ್ಮಮ್ಮನೂ ನಕ್ಕಳು. ಆಚೀಚೆ ಮನೆಯವರು "ನಮ್ದೂ ಹಾಕು" ಎಂದು ಮುತ್ತಿಕೊಂಡರು. ಸಂಜೆಯ ಹೊತ್ತಿಗೆ ಮರದ ಕೆಳಗೆ ಕಾಲಿಡಲು ಜಾಗವಿರಲಿಲ್ಲ.

ಮೇಡಂ ಗುಳಿಗಳ ಫೋಟೋ ತೆಗೆದು ಸಾಹೇಬರಿಗೆ ಕಳಿಸಿದರು. ತಕ್ಷಣ ಫೋನು ಬಂತು.

"ಏನ್ರೀ ಇದು, ಇರುವೆ ಗೂಡಾ?"

"ಹೆಂಗಸರ ಒಂದು ದಿನ ಸರ್. ನಮ್ಮ ಪಟ್ಟೀಲಿ ಒಂದು ಗಂಟೆಗೆ ಒಂದೇ ಕೆಲಸ ಬರೆಯೋಕೆ ಜಾಗ ಇರೋದು. ಇಲ್ಲಿ ಒಂದು ಗಂಟೆಗೆ ಮೂರಿದೆ."

"ಯಾರು ಮಾಡಿದ್ದು ಇದನ್ನ?"

"ಹತ್ತನೇ ಕ್ಲಾಸೂ ಆಗದವಳು."

"ಹ್ಞೂಂ," ಎಂದಿತು ದೊಡ್ಡ ಗಂಟಲು, ಈ ಸಲ ಸ್ವಲ್ಪ ಸಣ್ಣಗೆ. "ಐ.ಡಿ.ಹಳ್ಳಿಗೂ ಅವಳನ್ನೇ ಕರ್ಕೊಂಡು ಹೋಗಿ."

ಗಂಗಲಕ್ಷ್ಮಿ ಸೌಟಿನ ಮಣ್ಣು ಒರೆಸುತ್ತಾ ಕೂತಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು.

"ಎದ್ದೇಳ್ಬ್ಯಾಡ," ಎಂದಳು ರಾಜಲಕ್ಷ್ಮಮ್ಮ. "ಏಳು ಗಂಟೆ ಮೇಲಿಂದು ಯಾರು ಹಾಕ್ತಾರೆ? ಇನ್ನೊಂದು ಸಾಲು ತೋಡು."

ಮರುದಿನ ಬೆಳಗ್ಗೆ ತೊಳೆದ ಚಪ್ಪಲಿ ಮೆಟ್ಟಿ, ಒಂದು ಚೀಲ ಹುಣಸೆಬೀಜ ಹಿಡಿದು ಗಂಗಲಕ್ಷ್ಮಿ ಬಸ್ಸಿಗೆ ಹೊರಟಳು. ದಾರಿಯಲ್ಲಿ ತಿಮ್ಮರಾಯಪ್ಪ ತನ್ನ ಮನೆಯ ಅಂಗಳ ಗುಡಿಸುತ್ತಿದ್ದ. ಅವಳು ಕಂಡದ್ದೇ ಪೊರಕೆ ಮೇಲೆತ್ತಿ ತೋರಿಸಿದ.

"ನೋಡ್ಕಳಮ್ಮ ಗಂಗಾ. ಆರು ಗಂಟೆ ಗುಳಿಗೆ ನಂದೊಂದು ಬೀಜ."

"ಮೂಲೆ ಗುಡಿಸಿಲ್ಲ," ಎಂದು ಒಳಗಿನಿಂದ ರಾಜಲಕ್ಷ್ಮಮ್ಮನ ದನಿ ಬಂತು. "ಬೀಜ ಸೀಳಿ ಅರ್ಧ ಹಾಕು."