ಒಂದು ಬಿದ್ದರೆ ಎಲ್ಲವೂ

ಆ ಊರಿನ ಗ್ರೇಂಜ್ ಎಂಬ ರೈತಸಂಘದ ಹಾಲಿನಲ್ಲಿ ಡಿಸೆಂಬರಿನ ಬೀನ್ಸ್ ಊಟಕ್ಕೆ ಶಾಸಕರು ಬಂದು ವರ್ಷದ ಸಾಧನೆ ಒಪ್ಪಿಸಬೇಕು. ಬೀನ್ಸ್ ಆದ ಮೇಲೆ, ಕೊನೆಯ ಸಿಹಿತಿಂಡಿ ಪೈ ಬರುವ ಮೊದಲು. ಪೈ ಕಾಯುತ್ತಿದ್ದರೆ ಯಾವ ರಾಜಕಾರಣಿಯೂ ಹೆಚ್ಚು ಕೊರೆಯುವುದಿಲ್ಲ ಎಂದು ಹಿಂದಿನವರು ಲೆಕ್ಕ ಹಾಕಿ ಮಾಡಿಟ್ಟ ಪದ್ಧತಿ. ಶಾಸಕಿ ನೊರೀನ್ ಪೆಲ್ಕಿಗೆ ಈ ಸಲ ಪೈ ಮೊದಲೇ ಬಂದುಬಿಡಲಿ ಎನಿಸುತ್ತಿತ್ತು.

ಅವಳ ಭಾಷಣದಲ್ಲಿ ಹೇಳಿಕೊಳ್ಳುವಂಥದ್ದೇನೂ ಕಡಿಮೆ ಇರಲಿಲ್ಲ. ಕಪ್ಪೆಚಿಪ್ಪು ಹೆಕ್ಕುವವರಿಗೆ ಕಡಲದಂಡೆಗೆ ದಾರಿ ಬಿಡಿಸಿದ ಕಾಯ್ದೆ ಅವಳದು. ದಂಡೆಯ ಬಂಗಲೆಯವರು ಅದರ ಮೇಲೆ ಕೋರ್ಟಿಗೆ ಹೋಗಿ ಸೋತು ಬಂದಿದ್ದರು. ಅದನ್ನು ಹೇಳಿದಾಗ ಜನ ಮೇಜು ತಟ್ಟಿದರು. ಆಮೇಲೆ ಅವಳು ಟ್ರೇಲರ್ ಮನೆಗಳು ಸಾಲಾಗಿ ನಿಂತ ಪಾರ್ಕುಗಳ ಕಾಯ್ದೆಗೆ ಬಂದಳು.

ಪಾರ್ಕಿನಲ್ಲಿ ಮನೆ ವಾಸವಿದ್ದವರದು, ನೆಲ ಧಣಿಯದು. ಹೆಸರಿಗೆ ಚಕ್ರದ ಮನೆ, ಎಳೆದರೆ ಅಲ್ಲೇ ಮುರಿದು ಬೀಳುತ್ತದೆ. ಧಣಿ ನೆಲ ಮಾರುವುದಾದರೆ ಅಲ್ಲಿ ವಾಸವಿದ್ದವರಿಗೇ ಮೊದಲು ಕೊಳ್ಳುವ ಅವಕಾಶ ಕೊಡಬೇಕು ಎಂದು ನೊರೀನ್ ಕಾಯ್ದೆ ಮಾಡಿಸಿದ್ದಳು. ನವೆಂಬರಿನಲ್ಲಿ ಕೋರ್ಟು ಅದನ್ನು ಹೊಡೆದುಹಾಕಿತು.

"ನಮ್ಮ ಸೋಲಲ್ಲ ಅದು, ಆ ಜಡ್ಜಿನ ಕಲ್ಲುಮನಸ್ಸು" ಎಂದು ಮುಂದಿನ ಬೆಂಚಿನಿಂದ ವರ್ನಾ ಕ್ರಾಕೆಟ್ ಹೇಳಿದಳು. ಎಂಬತ್ತರ ಹತ್ತಿರದ ಹೆಂಗಸು. ನೊರೀನ್ ಚಿಕ್ಕವಳಿದ್ದಾಗ ಶಾಲೆಯ ಬಸ್ಸು ಓಡಿಸುತ್ತಿದ್ದವಳು. ಹಿಮದಲ್ಲಿ ನೊರೀನ್ ತಡವಾದರೆ ಹಾರ್ನ್ ಹೊಡೆಯದೆ ಕಾಯುತ್ತಿದ್ದವಳು ಅವಳೊಬ್ಬಳೇ. ಈಗ ಅವಳಿದ್ದ ಪಾರ್ಕು ಮಾರಾಟವಾಗಿ, ವಸಂತಕ್ಕೆ ಜಾಗ ಖಾಲಿ ಮಾಡಬೇಕಿತ್ತು. "ನಮ್ಮ ಹುಡುಗಿ ಕೈಲಾದ್ದು ಮಾಡಿದಾಳೆ. ಕೂತ್ಕೊಳೇ ನೊರೀನ್, ಪೈ ತಣ್ಣಗಾಗ್ತಿದೆ."

ಜನ ಚಪ್ಪಾಳೆ ತಟ್ಟಿದರು. ನೊರೀನ್ ಕೂತುಬಿಡಬಹುದಿತ್ತು. ಕೂರಲು ಹೊರಟೂ ಇದ್ದಳು.

"ನಂದೊಂದು ಮಾತಿದೆ" ಎಂದು ಹಿಂದಿನ ಗೋಡೆ ಹತ್ತಿರ ಒಬ್ಬ ಎದ್ದ. ಡೆಲ್ಮರ್ ಹಸ್ಸಿ, ಪಕ್ಕದೂರಿನ ಪಾರ್ಕಿನವನು. "ಕೋರ್ಟು ತಪ್ಪು ಅಂದಿದ್ದು ಹಳೇ ಮಾರಾಟದ ಕಲಮು ಅಂತ ಪೇಪರಲ್ಲಿ ಬಂದಿತ್ತು. ಕಾಯ್ದೆ ಬರೋಕ್ಕಿಂತ ಮುಂಚೆ ಕರಾರಾಗಿದ್ವಲ್ಲ, ಅದು. ನಮ್ಮ ಧಣಿ ಮಾರಾಟಕ್ಕಿಟ್ಟಿದ್ದು ಅಕ್ಟೋಬರಲ್ಲಿ. ನಾವೆಲ್ಲ ಸೇರಿ ಬ್ಯಾಂಕಿಗೆ ಹೋಗಿ ಸಾಲ ಮಂಜೂರು ಮಾಡಿಸ್ಕೊಂಡು ಬಂದಿದ್ವಿ ಮೇಡಂ. ಹಳೇ ಮಾರಾಟದ ಕಲಮು ಬಿದ್ರೆ ನಮ್ಮದ್ಯಾಕೆ ಬಿತ್ತು?"

ಅವನ ದನಿಯಲ್ಲಿ ಜಗಳವಿರಲಿಲ್ಲ. ಅದೇ ನೊರೀನಳಿಗೆ ಕಷ್ಟವಾಯಿತು. ಜಗಳಕ್ಕೆ ನಿಂತವರನ್ನು ಮಾತಿನಲ್ಲಿ ಮಣಿಸಿ ಅವಳಿಗೆ ಅಭ್ಯಾಸವಿತ್ತು.

ಕಾನೂನು ಕರಡು ಬರೆಯುವ ವಕೀಲ ಮಾರ್ಚಿನಲ್ಲೇ ಹೇಳಿದ್ದ, ಸಹಿ ಬಿದ್ದ ಕರಾರನ್ನು ಹಿಂದಕ್ಕೆ ಹೋಗಿ ಮುರಿಯುವ ಕಲಮು ಕೋರ್ಟಿನಲ್ಲಿ ನಿಲ್ಲುವುದಿಲ್ಲ ಎಂದು. ಆದರೆ ವರ್ನಾಳ ಪಾರ್ಕಿಗೆ ಜನವರಿಯಲ್ಲೇ ಕರಾರಾಗಿತ್ತು. ಆ ಕಲಮಿಲ್ಲದೆ ಕಾಯ್ದೆ ವರ್ನಾಳನ್ನು ಮುಟ್ಟುತ್ತಲೇ ಇರಲಿಲ್ಲ. ನೊರೀನ್ ಹಟ ಹಿಡಿದಳು. ಪಾರ್ಕಿನ ಧಣಿಗಳ ಕಡೆಯ ಸೆನೆಟರ್ ವಿಂಗೇಟ್ ಇದ್ದಕ್ಕಿದ್ದಂತೆ ಒಳ್ಳೆಯವನಾಗಿ, ಆ ಕಲಮಿಗೆ ನನ್ನವರ ಓಟು ಕೊಡಿಸುತ್ತೇನೆ, ಕೊನೆಗೆ ನನ್ನದೊಂದು ಸಾಲು ಸೇರಿಸಿಕೋ ಎಂದ. ಇದರಲ್ಲಿ ಯಾವ ಕಲಮು ಬಿದ್ದರೂ ಇಡೀ ಕಾಯ್ದೆ ಬೀಳತಕ್ಕದ್ದು ಎಂಬ ಸಾಲು. ರಾಜಿಯಾದಾಗ ಇಂಥ ಸಾಲು ಬರೆಯುವುದು ಶಾಸನಸಭೆಯಲ್ಲಿ ಹೊಸದೇನಲ್ಲ. ನೊರೀನ್ ಅವನ ಕೈ ಕುಲುಕಿ, ಅಂದೇ ವರ್ನಾಳ ಅಡಿಗೆಮನೆಗೆ ಹೋಗಿ ಗೆದ್ದೆವು ಎಂದು ಸಂಭ್ರಮಪಟ್ಟಿದ್ದಳು. ವಿಂಗೇಟ್ ಗಾಳ ಹಾಕಿದ್ದ. ಇವಳು ಕಣ್ಣು ತೆರೆದುಕೊಂಡೇ ಕಚ್ಚಿದ್ದಳು.

"ಯಾಕೆ ಬಿತ್ತು ಅಂದ್ರೆ, ನಾನು ಬೀಳೋ ಹಾಗೆ ಬರೆಯೋಕೆ ಒಪ್ಪಿದ್ದೆ" ಎಂದಳು ನೊರೀನ್. ಮಿಕ್ಕದ್ದನ್ನೂ ಹೇಳಿದಳು. ವರ್ನಾಳ ಹೆಸರು ಮಾತ್ರ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಜನವರಿಯಲ್ಲಿ ಕರಾರಾದ ಪಾರ್ಕು ಆ ಸೀಮೆಯಲ್ಲಿ ಒಂದೇ.

ಡೆಲ್ಮರ್ ಟೋಪಿ ಕೈಯಲ್ಲಿ ಹಿಡಿದು ಇನ್ನೂ ನಿಂತೇ ಇದ್ದ.

"ನಿಮ್ಮ ಪಾರ್ಕಲ್ಲಿ ಎಷ್ಟು ಮನೆಯಪ್ಪಾ?" ಎಂದು ವರ್ನಾ ಅವನನ್ನು ಕೇಳಿದಳು.

"ನಲವತ್ತರ ಮೇಲಿದೆ ಅಮ್ಮಾ. ಚಿಕ್ಕ ಮಕ್ಕಳಿರೋ ಮನೆಗಳೇ ಜಾಸ್ತಿ."

ವರ್ನಾ ನೊರೀನಳ ಕಡೆ ತಿರುಗಿದಳು. "ನಮ್ಮದ್ರಲ್ಲಿ ಒಂಬತ್ತು. ಎಲ್ಲಾ ನನ್ನಂಥ ಮುದುಕಿಯರೇ."

"ನಿಮ್ಮನ್ನ ಬಿಟ್ಟು ಕಾಯ್ದೆ ಮಾಡೋಕೆ ನನಗೆ ಮನಸ್ಸು ಬರಲಿಲ್ಲ ವರ್ನಾ."

"ನಮ್ಮದು ಜನವರಿಯಲ್ಲೇ ಹೋಗಿತ್ತು ಕಣೇ. ನಾನು ಅತ್ತು ಮುಗಿಸಿ, ತಂಗಿ ಮನೆಗೆ ಹೋಗೋದು ಅಂತ ಮಾತಾಡಿಯೂ ಆಗಿತ್ತು. ನೀನೇ ಬಂದು ಗೆದ್ವಿ ಅಂದೆ. ಆಸೆ ಹುಟ್ಟಿತು." ವರ್ನಾ ಮುಂದಿನ ತಟ್ಟೆ ಪಕ್ಕಕ್ಕೆ ಸರಿಸಿದಳು. "ಎಷ್ಟು ಸಲ ಬಂದು ನನ್ನ ಅಡಿಗೆಮನೇಲಿ ಕಾಫಿ ಕುಡಿದಿದೀಯ ನೀನು. ಒಂದು ಸಲ ಕೇಳಿದ್ರೆ, ನಮ್ಮನ್ನ ಬಿಟ್ಬಿಡು, ಅವರದ್ದು ಉಳಿಸು ಅಂತಿದ್ದೆ. ಯಾಕೆ ಕೇಳಲಿಲ್ಲ?"

ನೊರೀನಳಿಗೆ ಉತ್ತರ ಗೊತ್ತಿತ್ತು. ಕೇಳಿದರೆ ವರ್ನಾ ಹಾಗೆಯೇ ಹೇಳುತ್ತಾಳೆಂದು ಮಾರ್ಚಿನಲ್ಲೂ ಗೊತ್ತಿತ್ತು. ಅದಕ್ಕೇ ಕೇಳಿರಲಿಲ್ಲ.